ಒಂಬತ್ತರಲ್ಲಿ ನಿಂತ ನಾಬು

ದ್ರಾನೆಯನ್ನು ಮಾತಾಡಿಸುವ ಮೊದಲು ಅವಳ ತುಟಿ ನೋಡಬೇಕಿತ್ತು. ತುಟಿ ಅಲುಗಾಡುತ್ತಿದ್ದರೆ ಬಾಗಿಲಲ್ಲೇ ಸುಮ್ಮನೆ ನಿಲ್ಲಬೇಕು. ಅವಳು ತಾಮ್ರದ ತಂತಿಯ ಸುತ್ತು ಎಣಿಸುತ್ತಿದ್ದಾಳೆ ಎಂದರ್ಥ. ಮುನ್ನೂರ ಎಂಬತ್ತೊಂದು, ಮುನ್ನೂರ ಎಂಬತ್ತೆರಡು. ಹೊಸಬರು ಯಾರಾದರೂ ಗೊತ್ತಿಲ್ಲದೆ "ಚೆನ್ನಾಗಿದ್ದೀಯೇನಮ್ಮ?" ಎಂದುಬಿಟ್ಟರೆ ತಲೆ ಎತ್ತದೆ ಒಂದು ಬೆರಳು ಎತ್ತಿ ತೋರಿಸುತ್ತಿದ್ದಳು. ಎಣಿಕೆ ತಪ್ಪಿದರೆ ಸುತ್ತಿದ್ದನ್ನೆಲ್ಲ ಬಿಚ್ಚಿ ಮತ್ತೆ ಒಂದರಿಂದ ಶುರು ಮಾಡಬೇಕು. ಹಾಗಾಗಿ ಅವಳ ಮನೆಗೆ ಬಂದವರೆಲ್ಲ ಮೂಕರಂತೆ ನಿಂತು, ಬೇಕಾದ್ದು ತೆಗೆದುಕೊಂಡು, ಮೂಕರಂತೆಯೇ ಹೋಗುತ್ತಿದ್ದರು. ಅವಳಿಗೂ ಅದು ರೂಢಿಯಾಗಿತ್ತು.

ರೂಢಿ ಎಂದೆನಲ್ಲ, ಅದು ಸುಮ್ಮನೆ ಬಂದದ್ದಲ್ಲ. ಶ್ಕೋದ್ರ ಊರಿನ ಹೊರಗೆ ಹಳೇ ಕಮ್ಯುನಿಸ್ಟ್ ಸರ್ಕಾರದ ಕಾಲದಲ್ಲಿ ಮೋಟಾರು ರಿಪೇರಿಯ ಒಂದು ದೊಡ್ಡ ಷೆಡ್ಡು ಇತ್ತು. ಅಲ್ಲಿ ಹದಿನೆಂಟು ಹೆಂಗಸರು ಸಾಲಾಗಿ ಕೂತು ಕಾಯಿಲ್ ಸುತ್ತುತ್ತಿದ್ದರು. ದ್ರಾನೆ ಹದಿನೆಂಟನೇ ವಯಸ್ಸಿಗೆ ಆ ಸಾಲಿಗೆ ಸೇರಿದಳು. ಮರುವರ್ಷ ಅವಳ ಅಣ್ಣ ಒಂದು ಮಂಜಿನ ಮುಂಜಾನೆ, ಗಡಿಯಾಚೆಗೂ ಚಾಚಿದ ದೊಡ್ಡ ಕೆರೆಯಲ್ಲಿ ದೋಣಿ ಹುಟ್ಟುಹಾಕಿಕೊಂಡು ಗಡಿಯಾಚೆಗೆ ಓಡಿಹೋದ. ಅವತ್ತು ಅವಳು ಕೆಲಸಕ್ಕೆ ಹೋದಾಗ ಎಡಗಡೆಯವಳು ತನ್ನ ಸ್ಟೂಲನ್ನು ಒಂದು ಮೊಳ ಎಡಕ್ಕೆ ಎಳೆದುಕೊಂಡಿದ್ದಳು, ಬಲಗಡೆಯವಳು ಒಂದು ಮೊಳ ಬಲಕ್ಕೆ. ಯಾರೂ ಏನೂ ಅನ್ನಲಿಲ್ಲ. ಆ ಕಾಲದಲ್ಲಿ ಅನ್ನುವ ಅಗತ್ಯವೂ ಇರಲಿಲ್ಲ. ದೇಶ ಬಿಟ್ಟು ಓಡಿದವನ ತಂಗಿಯನ್ನು ಮದುವೆಗೆ ಕರೆದರೆ ಮದುವೆ ಮನೆಯವರ ಹೆಸರನ್ನು ಪೊಲೀಸರು ಬರೆದುಕೊಳ್ಳುತ್ತಿದ್ದರು. ಅವಳನ್ನೇ ಮದುವೆಯಾಗುವ ಮಾತು ದೂರವೇ ಉಳಿಯಿತು. "ಕರೀದೇ ಇರೋ ಮನೆಗೆ ಹೋಗ್ಬೇಡ ಮಗಳೇ," ಎಂದು ತಾಯಿ ಹೇಳಿಕೊಟ್ಟಳು, "ಹೋದ್ರೆ ಅವರಿಗೂ ಕಷ್ಟ, ನಿನಗೂ ಅವಮಾನ." ತಾಯಿ ಸತ್ತಳು, ಸರ್ಕಾರ ಬಿತ್ತು, ಅಣ್ಣನಿಂದ ಒಂದು ಕಾಗದವೂ ಬರಲಿಲ್ಲ. ಆ ಮಾತು ಮಾತ್ರ ದ್ರಾನೆಯ ಎಲುಬಿನಲ್ಲಿ ಕೂತುಬಿಟ್ಟಿತ್ತು.

ಸರ್ಕಾರ ಬಿದ್ದ ಮೇಲೆ ಜನ ಆ ಷೆಡ್ಡಿಗೆ ನುಗ್ಗಿ ಕಿಟಕಿ, ತಗಡು, ಕೊನೆಗೆ ಕಕ್ಕಸಿನ ಬಾಗಿಲನ್ನೂ ಕಿತ್ತುಕೊಂಡು ಹೋದರು. ದ್ರಾನೆ ಕೈಯಿಂದ ತಿರುಗಿಸುವ ಒಂದು ಸುತ್ತುವ ಯಂತ್ರವನ್ನೂ ಏಳು ಉರುಳೆ ತಂತಿಯನ್ನೂ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಮನೆಗೆ ತಂದಳು. ಇಪ್ಪತ್ತಮೂರು ವರ್ಷ ದುಡಿದವಳು, ಅಷ್ಟು ತಂದದ್ದಕ್ಕೆ ಯಾರಾದರೂ ಕಳ್ಳತನ ಎಂದರೆ ನಾನು ಜಗಳಕ್ಕೆ ನಿಲ್ಲುತ್ತೇನೆ.

ಆಮೇಲೆ ಶುರುವಾಯಿತು ನೋಡಿ ನಮ್ಮ ಓಣಿಯ ಸ್ಟೆಬಿಲೈಜರ್ ಕಾಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬಂತೆ ಎಲ್ಲರ ಮನೆಗೂ ಟಿ.ವಿ. ಬಂತು. ಕರೆಂಟು ಮಾತ್ರ ಬರಲಿಲ್ಲ. ಬಂದರೂ ಕಾಲುವೆಯ ಕೊನೇ ಗದ್ದೆಗೆ ಬರುವ ನೀರಿನ ಹಾಗೆ ಸೊರಗಿ ಬರುತ್ತಿತ್ತು. ಚಳಿಗಾಲದ ಸಂಜೆ ಪ್ರತಿ ಮನೆಯಲ್ಲೂ ಕೆಂಪಗೆ ಕಾದ ತಂತಿಯ ಹೀಟರು, ಅದರ ಮೇಲೆ ಹುರುಳಿಕಾಯಿ ಸಾರು, ಪಕ್ಕದಲ್ಲಿ ಒಣಗುವ ಸಾಕ್ಸು. ಇನ್ನೂರ ಇಪ್ಪತ್ತು ಇರಬೇಕಾದ ವೋಲ್ಟೇಜು ನೂರ ಮೂವತ್ತಕ್ಕೆ ಬೀಳುತ್ತಿತ್ತು. ಬಲ್ಬು ಕಿತ್ತಳೆ ಹಣ್ಣಿನ ಬಣ್ಣಕ್ಕೆ ತಿರುಗಿ, ಟಿ.ವಿ.ಯ ಚಿತ್ರ ನಾಲ್ಕೂ ಕಡೆಯಿಂದ ಸುರುಟಿಕೊಂಡು ಅಂಗೈ ಅಗಲ ಆಗುತ್ತಿತ್ತು.

ದ್ರಾನೆ ಮಾಡಿಕೊಡುತ್ತಿದ್ದ ಸ್ಟೆಬಿಲೈಜರ್ ಡಬ್ಬ ಒಂದು ಬ್ರೆಡ್ಡಿನಷ್ಟು ದೊಡ್ಡದು. ಮುಂದೆ ವೋಲ್ಟೇಜು ತೋರಿಸುವ ಒಂದು ಮುಳ್ಳು, ಒಂದು ನಾಬು, ನಾಬಿನ ಸುತ್ತ ಒಂದರಿಂದ ಒಂಬತ್ತರವರೆಗೆ ಅಂಕಿ. ಮುಳ್ಳು ಬಿದ್ದರೆ ನಾಬು ಏರಿಸಬೇಕು, ಮುಳ್ಳು ಎದ್ದರೆ ಇಳಿಸಬೇಕು. ಇದರಲ್ಲೊಂದು ತಮಾಷೆ ಇತ್ತು. ನಾವು ಏರಿಸಿದರೆ ಪಕ್ಕದ ಮನೆಯ ಮುಳ್ಳು ಬೀಳುತ್ತಿತ್ತು, ಅವರು ಏರಿಸಿದರೆ ನಮ್ಮದು. ಸಂಜೆಯಾದರೆ ಗೋಡೆಗೋಡೆಗೂ ಕೂಗಾಟ. "ಏ ಝೆಫ್, ಇಳಿಸೋ, ನಿನ್ನ ಮನೆ ಹಾಳಾಗ!" "ನೀನು ಮೊದ್ಲು ಹೀಟರ್ ಆರ್ಸು!" ಎಲ್ಲಕ್ಕಿಂತ ದೊಡ್ಡ ಅಪಾಯ ಇದ್ದದ್ದು ಕರೆಂಟು ಕಡಿಮೆಯಾದಾಗ ಅಲ್ಲ, ಸರಿಯಾದಾಗ. ನಾಬು ಒಂಬತ್ತರಲ್ಲಿದ್ದು, ಕರೆಂಟು ಇದ್ದಕ್ಕಿದ್ದಂತೆ ಪೂರಾ ಬಂದರೆ, ಡಬ್ಬ ಅದನ್ನು ಮುನ್ನೂರ ಎಪ್ಪತ್ತಕ್ಕೆ ಏರಿಸಿ ಟಿ.ವಿ.ಯ ಬಾಯಿಗೆ ಸುರಿಯುತ್ತಿತ್ತು. ಅದಕ್ಕೇ ದ್ರಾನೆ ಪ್ರತಿ ಡಬ್ಬದ ಮೇಲೂ ಒಂದರ ಪಕ್ಕ ಉಗುರಿಗೆ ಹಚ್ಚುವ ಕೆಂಪು ಬಣ್ಣದ ಚುಕ್ಕೆ ಇಡುತ್ತಿದ್ದಳು. ಕೊಡುವಾಗ ಒಂದೇ ಮಾತು: "ಟಿ.ವಿ. ಆರಿಸೋ ಮುಂಚೆ ಒಂದಕ್ಕೆ ತಾ. ಮರೀಬೇಡ." ಮರೆತು ಸುಟ್ಟುಕೊಂಡು ಬಂದವರಿಗೆ ಅವಳು ಮಾಡುತ್ತಿದ್ದ ಮಂಗಳಾರತಿ ಕೇಳಬೇಕಿತ್ತು. ಅವಳು ಉದ್ದಕ್ಕೆ ಮಾತಾಡುತ್ತಿದ್ದದ್ದು ಅದೊಂದೇ ಸಂದರ್ಭದಲ್ಲಿ.

ಅವಳ ಸ್ವಂತ ಮನೆಯಲ್ಲಿ ಟಿ.ವಿ. ಇರಲಿಲ್ಲ. ಒಬ್ಬಳೇ ಕೂತು ಏನು ನೋಡುವುದು ಎಂದು ಅವಳ ವಾದ.

ತೊಂಬತ್ತೇಳರಲ್ಲಿ ಚೀಟಿ ಕಂಪನಿಗಳು ಮುಳುಗಿ ಎದ್ದ ಗಲಾಟೆ ಅಡಗಿದ ಚಳಿಗಾಲದಲ್ಲಿ ಎದುರು ಮನೆಯ ಕೋಲ ಒಂದು ಡಬ್ಬ ಮಾಡಿಸಿದ. ಕೋಲ ರಾಜಧಾನಿ ತಿರಾನಕ್ಕೆ ವ್ಯಾನು ಓಡಿಸುವವನು, ಬಾಯಿ ಜೋರು, ಮನಸ್ಸು ಒಳ್ಳೆಯದು. ಮನೆಯಲ್ಲಿ ಹೆಂಡತಿ ವಿತೋರೆ, ತಾಯಿ ಲೂಚೆ ಅಜ್ಜಿ. ಮಕ್ಕಳಾಗಿರಲಿಲ್ಲ. ದ್ರಾನೆ ಡಬ್ಬ ಜೋಡಿಸಿ, ನಾಬು ತಿರುಗಿಸಿ ತೋರಿಸಿ, ಎದ್ದು ಹೊರಟಳು. ಅಷ್ಟರಲ್ಲಿ ಮುಳ್ಳು ದಬಕ್ಕನೆ ಬಿತ್ತು. ಧಾರಾವಾಹಿಯ ನಾಯಕಿ ಅಳುತ್ತ ಅಳುತ್ತ ಅಂಗೈ ಅಗಲವಾದಳು.

"ಏಯ್ ಹುಡುಗಿ, ಎಲ್ಲಿಗೆ ಹೊರಟೆ?" ಲೂಚೆ ಅಜ್ಜಿ ಮಂಚದ ಮೇಲಿಂದ ಕೂಗಿದಳು. "ಕೂತ್ಕೊ ಇಲ್ಲಿ. ಮುಳ್ಳು ಬಿದ್ರೆ ಯಾರು ತಿರುಗಿಸ್ತಾರೆ? ನನ್ ಸೊಸೆ ಕೈ ಇಟ್ರೆ ಕರೆಂಟೇ ಹೆದರಿ ಓಡಿಹೋಗತ್ತೆ."

"ಅತ್ತೆ, ನಿಮ್ಮ ನಾಲಿಗೆಗೂ ಒಂದು ನಾಬು ಇಡ್ಸಬೇಕು," ಎಂದಳು ವಿತೋರೆ.

ದ್ರಾನೆಗೆ ಆಗ ನಲವತ್ತೇಳು. ಅವಳನ್ನು ಹುಡುಗಿ ಎಂದು ಕರೆದವರು ಯಾರೂ ಉಳಿದಿರಲಿಲ್ಲ. ಅವಳು ಕೂತಳು, ನಾಬಿನ ಮೇಲೆ ಕೈ ಇಟ್ಟಳು, ಎಂಟೂವರೆಯವರೆಗೆ ಮುಳ್ಳನ್ನು ಕಾದಳು. ಮರುದಿನ ಸಂಜೆ "ಡಬ್ಬ ಬಿಸಿಯಾಗತ್ತೇನೋ ನೋಡೋಣ" ಎಂದು ಹೋದಳು. ಮೂರನೇ ದಿನ "ಫ್ಯೂಸ್ ಸಡಿಲ ಇತ್ತು" ಎಂದಳು. ನಾಲ್ಕನೇ ದಿನದಿಂದ ಯಾವ ನೆಪವನ್ನೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಏಳು ಗಂಟೆಗೆ ಅವಳು ಡಬ್ಬದ ಪಕ್ಕದಲ್ಲಿರುತ್ತಿದ್ದಳು, ಅಷ್ಟೇ.

ಹೀಗೆ ಆರು ವರ್ಷ. ನಾಯಕಿ ಯಾರನ್ನು ಮದುವೆಯಾದಳು, ಯಾರು ಯಾರಿಗೆ ವಿಷ ಹಾಕಿದರು, ದ್ರಾನೆಗೆ ಸರಿಯಾಗಿ ಗೊತ್ತಿರಲಿಲ್ಲ. ಅವಳ ಕಣ್ಣು ಮುಳ್ಳಿನ ಮೇಲೆ. ಆಗಾಗ ಮುಳ್ಳು ನಿಂತಾಗ ಅವಳು ನೋಡುತ್ತಿದ್ದದ್ದು ಟಿ.ವಿ.ಯನ್ನಲ್ಲ, ಅದರ ಬೆಳಕು ಬಿದ್ದ ಮುಖಗಳನ್ನು: ಬಾಯಿ ತೆರೆದ ಅಜ್ಜಿ, ಕಣ್ಣೊರೆಸಿಕೊಳ್ಳುವ ವಿತೋರೆ, ಎಂಟರ ಹೊತ್ತಿಗೆ ಬಂದು ಬೂಟು ಬಿಚ್ಚುತ್ತಲೇ ನಿದ್ದೆ ಹೋಗುವ ಕೋಲ. ಕಾಫಿ ಬಂದರೆ ಎಡಗೈಯಲ್ಲಿ ಕುಡಿಯುತ್ತಿದ್ದಳು. ಅವಳ ಜೊತೆ ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ, ಕೆಲಸ ಮಾಡುತ್ತಿರುವವಳ ಗಮನ ಕೆಡಬಾರದಲ್ಲ. ಎದ್ದು ಹೊರಡುವಾಗ ಅವಳದೊಂದು ಮಾತಿತ್ತು: "ಒಂದಕ್ಕೆ ತಂದಿದೀನಿ." ವಿತೋರೆ "ಆಯ್ತು" ಎನ್ನುತ್ತಿದ್ದಳು. ಬೇರೆ ಮನೆಗಳಲ್ಲಿ ಜನ ಶುಭರಾತ್ರಿ ಹೇಳಿಕೊಳ್ಳುವ ಹಾಗೆ ಇವರದು ಇದು. ದ್ರಾನೆ ಸುಖವಾಗಿದ್ದಳು. ಇದನ್ನು ಯಾರಿಗೂ ಹೇಳಿರಲಿಲ್ಲ, ಹೇಳಲು ಯಾರೂ ಇರಲಿಲ್ಲ.

ಎರಡು ಸಾವಿರದ ಮೂರರ ನವೆಂಬರಿನಲ್ಲಿ ಒಂದು ಸಂಜೆ ಲೂಚೆ ಅಜ್ಜಿ ತಲೆನೋವೆಂದು ಒಳಕೋಣೆಯಲ್ಲೇ ಮಲಗಿದ್ದಳು. ಚಳಿ ಜೋರು, ಮುಳ್ಳು ನೆಲಕಚ್ಚಿತ್ತು, ನಾಬು ಒಂಬತ್ತರಲ್ಲಿತ್ತು. ಕಷಾಯ ಕೊಡಲು ಒಳಗೆ ಹೋದ ವಿತೋರೆ "ಅತ್ತೆ ಹೋಗಿಬಿಟ್ರು!" ಎಂದು ಕಿರುಚಿಕೊಂಡಳು. ಅವತ್ತು ಬೇಗ ಬಂದಿದ್ದ ಕೋಲ ಎದ್ದು ಓಡುತ್ತ ಗೋಡೆಯಿಂದ ವೈರು ಕಿತ್ತೆಸೆದ. ಸಾವಿನ ಮನೆಯಲ್ಲಿ ಟಿ.ವಿ.ಯ ಸದ್ದು ಕೇಳಬಾರದು. ದ್ರಾನೆಯೂ ಓಡಿದಳು. ಅಜ್ಜಿಯ ಗಲ್ಲ ಕಟ್ಟಿದವಳು ಅವಳೇ. ಅರ್ಧ ಗಂಟೆಯಲ್ಲಿ ಓಣಿಯ ಹೆಂಗಸರೆಲ್ಲ ತುಂಬಿಕೊಂಡರು, ಯಾರೋ ಒಂದು ದೊಡ್ಡ ಕಪ್ಪು ಬಟ್ಟೆ ತಂದು ಟಿ.ವಿ.ಯನ್ನೂ ಪಕ್ಕದ ಡಬ್ಬವನ್ನೂ ಸೇರಿಸಿ ಮುಚ್ಚಿದರು.

ಬೇರೆ ಮನೆಗಳಲ್ಲಿ ಈಗೀಗ ನಲವತ್ತು ದಿನಕ್ಕೆ ಆ ಬಟ್ಟೆ ತೆಗೆಯುತ್ತಾರೆ. ಕೋಲ ತಾಯಿಗೆ ಒಬ್ಬನೇ ಮಗ. ವರ್ಷಪೂರ್ತಿ ಸೂತಕ ಹಿಡಿಯುತ್ತೇನೆ ಎಂದ. ಒಮ್ಮೆ ಹೊದಿಸಿದ ಬಟ್ಟೆಯನ್ನು ದಿನ ತುಂಬುವ ಮೊದಲು ಯಾರೂ ಎತ್ತುವಂತಿಲ್ಲ, ಧೂಳು ಹೊಡೆಯುವುದಿದ್ದರೂ ಮೇಲಿಂದಲೇ.

ಮೊದಲ ನಲವತ್ತು ದಿನ ದ್ರಾನೆ ಎಲ್ಲ ಹೆಂಗಸರ ಜೊತೆ ಹೋಗಿ, ಸಕ್ಕರೆಯಿಲ್ಲದ ಕಾಫಿ ಕುಡಿದು, "ದೇವರು ಉಳಿದವರನ್ನ ಕಾಯಲಿ" ಎಂದು ಹೇಳಿ ಬಂದಳು. ನಲವತ್ತೊಂದನೇ ಸಂಜೆ ಏಳು ಗಂಟೆಗೆ ಬೂಟು ಹಾಕಿಕೊಂಡಳು. ಬಾಗಿಲ ಹತ್ತಿರ ಬಂದು ನಿಂತಳು. ಯಾತಕ್ಕೆ ಹೋಗುವುದು? ಮುಳ್ಳಿಲ್ಲ, ನಾಬಿಲ್ಲ. ಕರೆದಿದ್ದಾರೆಯೇ? ಕರೆದಿಲ್ಲ. ಬೂಟು ಬಿಚ್ಚಿದಳು. ಹೀಗೆ ಒಂದು ವಾರ ಬೂಟು ಹಾಕಿ ಬಿಚ್ಚಿದಳು, ಆಮೇಲೆ ಹಾಕುವುದನ್ನೂ ಬಿಟ್ಟಳು.

ಆ ವರ್ಷದ ಸಂಜೆಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಎದುರು ಮನೆಯ ಕಿಟಕಿಯಲ್ಲಿ ಬೆಳಕು ಕಾಣುತ್ತಿತ್ತು. ಅವಳು ಕತ್ತಲಾಗುವ ತನಕ ಕಾಯಿಲ್ ಸುತ್ತಿ, ಜೋಳದ ರೊಟ್ಟಿಯನ್ನು ಮೊಸರಿನಲ್ಲಿ ನೆನೆಸಿ ತಿಂದು, ಬೇಗ ಮಲಗುತ್ತಿದ್ದಳು. ಒಂದೊಂದು ದಿನ ಬೆಳಗಿನಿಂದ ಸಂಜೆಯವರೆಗೆ ಅವಳ ಬಾಯಿಂದ ಅಂಕಿ ಬಿಟ್ಟು ಬೇರೆ ಮಾತೇ ಬರುತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಓಣಿಗೆ ಹೊಸ ಲೈನು ಬಂತು. ಮೂಲೆಯ ಕಂಬದ ಹತ್ತಿರ ಹೊಸ ಟ್ರಾನ್ಸ್‌ಫಾರ್ಮರು, ತೋಳಿನಷ್ಟು ದಪ್ಪದ ಕೇಬಲ್ಲು, ಎಲ್ಲರ ಗೋಡೆಗೂ ಹೊಸ ಮೀಟರು. ದ್ರಾನೆ ತನ್ನ ಮನೆಯ ಗೋಡೆಯಲ್ಲಿ ಅಳೆದು ನೋಡಿದಳು. ಇನ್ನೂರ ಹದಿನೆಂಟು. ಸಂಜೆ ಅಳೆದಳು. ಇನ್ನೂರ ಹದಿನೇಳು. ಸ್ವಂತ ಅನ್ನಕ್ಕೆ ಕಲ್ಲು ಬಿತ್ತು ಎಂದು ಬೇರೆಯವರಾದರೆ ಅಳುತ್ತಿದ್ದರು, ಅವಳು ಖುಷಿಪಟ್ಟಳು. ಮೂವತ್ತು ವರ್ಷ ಕರೆಂಟಿನ ರೋಗ ನೋಡಿದವಳು, ಅದು ಗುಣವಾದದ್ದನ್ನು ನೋಡಿ ಹೇಗೆ ಬೇಜಾರು ಮಾಡಿಕೊಳ್ಳುತ್ತಾಳೆ? ಗಿರಾಕಿಗಳು ಬಂದು ಕೇಳಿದರು, "ಮೇಸ್ತ್ರಿ, ಇನ್ನು ಡಬ್ಬ ಬೇಕಾ?" "ಒಂದರಲ್ಲೇ ಬಿಟ್ಬಿಡು," ಎನ್ನುತ್ತಿದ್ದಳು. "ಮೇಲಕ್ಕಿದ್ರೆ ಸುಡತ್ತೆ. ಒಂದಕ್ಕೆ ತಂದಿದೀಯಾ?"

ಹಾಗೆ ಒಬ್ಬನನ್ನು ಕೇಳುತ್ತಿದ್ದಾಗಲೇ ಅವಳಿಗೆ ನೆನಪಾಯಿತು. ಆರು ವರ್ಷ ದಿನಾ ಹೇಳುತ್ತಿದ್ದ ಮಾತನ್ನು ಅಜ್ಜಿ ಸತ್ತ ಸಂಜೆ ಅವಳು ಹೇಳಿರಲಿಲ್ಲ. ನಾಬು ಒಂಬತ್ತರಲ್ಲಿತ್ತು. ಕಪ್ಪು ಬಟ್ಟೆಯ ಕೆಳಗೆ ಇನ್ನೂ ಅಲ್ಲೇ ಇತ್ತು.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಊರಿಗೆಲ್ಲ ಮಂಗಳಾರತಿ ಮಾಡಿದವಳು ತಾನೇ ಮರೆತಿದ್ದಳು. ತಕ್ಷಣ ಎದುರು ಮನೆಗೆ ಹೋದಳು. ವಿತೋರೆ ಅಂಗಳದಲ್ಲಿ ಮೆಣಸಿನಕಾಯಿ ಸುಡುತ್ತಿದ್ದಳು, ಮೈತುಂಬ ಸೂತಕದ ಕಪ್ಪು ಬಟ್ಟೆ.

"ಏನು ದ್ರಾನಕ್ಕ," ಎಂದಳು ತಲೆ ಎತ್ತದೆ, "ಏನಾದ್ರೂ ಕೆಲ್ಸ ಇತ್ತಾ?"

ಆ ಮಾತು ದ್ರಾನೆಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಕೆಲಸವಿದ್ದರೆ ಮಾತ್ರ ಬರುವವಳು ನೀನು ಎಂದ ಹಾಗಿತ್ತು. ಹಲ್ಲಿನ ಹಿಂದೆ ನಿಂತಿದ್ದ ಮಾತು ಹಿಂದಕ್ಕೆ ಹೋಯಿತು. "ಇಲ್ಲ, ಹೀಗೇ ಹೋಗ್ತಾ ಇದ್ದೆ," ಎಂದಳು. ಎದುರು ಮನೆಯಿಂದ ಎದುರು ಮನೆಗೆ ಬಂದು "ಹೀಗೇ ಹೋಗ್ತಾ ಇದ್ದೆ" ಎಂದರೆ ನಂಬುವವರು ಯಾರು? ವಿತೋರೆ ಒಂದು ಕ್ಷಣ ನೋಡಿ ಮೆಣಸಿನಕಾಯಿ ಮಗುಚಿದಳು.

ಮನೆಗೆ ಬಂದು ದ್ರಾನೆ ಲೆಕ್ಕ ಹಾಕಿದಳು. ಬಟ್ಟೆ ತೆಗೆಯುವುದು ನವೆಂಬರಿನಲ್ಲಿ. ಅದಕ್ಕೆ ಮೊದಲು ಯಾರೂ ಮುಟ್ಟುವುದಿಲ್ಲ. ಬಟ್ಟೆ ತೆಗೆಯುವ ದಿನ ನನ್ನನ್ನು ಕರೆಯದೆ ಇರುತ್ತಾರೆಯೇ? ಆರು ವರ್ಷ ನಾನಿಲ್ಲದೆ ಒಂದು ದಿನವೂ ಅದನ್ನು ಹಚ್ಚಿದವರಲ್ಲ. ಕರೆಯುತ್ತಾರೆ. ಹೋಗಿ ಮೊದಲು ಒಂದಕ್ಕೆ ತರುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ.

ಅಲ್ಲಿಗೆ ಮುಗಿದಿದ್ದರೆ ಅದು ಬರೀ ಸಂಕೋಚ. ಅಲ್ಲಿಗೆ ಮುಗಿಯಲಿಲ್ಲ ಎಂಬುದೇ ನನಗೆ ಅವಳ ಮೇಲಿರುವ ಸಿಟ್ಟು. ದಿನ ಕಳೆದ ಹಾಗೆ ಆ ಒಂಬತ್ತು ಅವಳಿಗೆ ಹೆದರಿಕೆಯಾಗಿ ಉಳಿಯಲಿಲ್ಲ, ಆಸೆಯಾಯಿತು. ಓಣಿಯಲ್ಲಿ ಯಾರಿಗೂ ಅವಳು ಬೇಕಾಗಿಲ್ಲದ ಹೊತ್ತಿನಲ್ಲಿ ಒಂದು ಮನೆಗಾದರೂ ಅವಳು ಬೇಕೇ ಬೇಕಾಗಿದ್ದಳು. ನಾನು ಹೋಗದಿದ್ದರೆ ಸುಡುತ್ತದೆ. ಹಾಗಾದರೆ ಕರೆಯಲೇಬೇಕು. ಮಲಗುವ ಮುಂಚೆ ಇದನ್ನೇ ಬಾಯಲ್ಲಿಟ್ಟು ಚಪ್ಪರಿಸುತ್ತಿದ್ದಳು.

ವರ್ಷದ ದಿನ ಬಂತು. ಇಗರ್ಜಿಯಲ್ಲಿ ಪೂಜೆ, ಆಮೇಲೆ ಕೋಲನ ಮನೆಯಲ್ಲಿ ಊಟ. ಕೆರೆಯ ಮೀನನ್ನು ಈರುಳ್ಳಿ ಹಾಕಿ ಒಲೆಯಲ್ಲಿ ಬೇಯಿಸಿದ್ದರು. ಹೆಂಗಸರೆಲ್ಲ ಅಜ್ಜಿಯ ನಾಲಿಗೆಯನ್ನು ನೆನೆದು ನೆನೆದು ನಕ್ಕರು, ಅತ್ತರು. ದ್ರಾನೆ ಗೋಡೆಯ ಪಕ್ಕದ ಜಾಗದಲ್ಲಿ ಕೂತಿದ್ದಳು, ಕಪ್ಪು ಬಟ್ಟೆಗೆ ಒಂದು ಮೊಳ ದೂರ. ಕೈ ಚಾಚಿದರೆ ಮುಗಿಯುತ್ತಿತ್ತು. ಚಾಚಲಿಲ್ಲ. ನಾಲ್ಕು ಗಂಟೆಗೆ ವಿತೋರೆ ಬಾಗಿಲಲ್ಲಿ ನಿಂತು ಎಲ್ಲರನ್ನೂ ಕಳಿಸಿಕೊಟ್ಟಳು. ಎಲ್ಲರಿಗೂ ಹೇಳಿದ್ದನ್ನೇ ದ್ರಾನೆಗೂ ಹೇಳಿದಳು, "ಬಂದಿದ್ದಕ್ಕೆ ಉಪಕಾರ. ನಿಮ್ಮನೇಲಿ ದುಃಖ ಬರದೇ ಇರ್ಲಿ." ಇರು ಎನ್ನಲಿಲ್ಲ.

ಸಂಜೆ ಆರಕ್ಕೇ ದ್ರಾನೆ ಬೂಟು ಹಾಕಿಕೊಂಡು ಕುರ್ಚಿಯಲ್ಲಿ ಕೂತಳು. ಆರೂವರೆ. ಎದುರು ಮನೆಯಲ್ಲಿ ದೀಪ ಹತ್ತಿತು. ಈಗ ಕರೆಯುತ್ತಾರೆ. ಆರೂಮುಕ್ಕಾಲು. ಎದ್ದು ಹೋಗಿ ಹೇಳಿಬಿಡಬಹುದಿತ್ತು, ಓಣಿ ಅಡ್ಡದಾಟಲು ಹದಿನೈದು ಹೆಜ್ಜೆ. ಕಾಲು ಎದ್ದಿತು, ತಾಯಿಯ ಮಾತು ಕೂರಿಸಿತು. ಏಳು. ಅವಳು ಎಣಿಸಲು ಶುರು ಮಾಡಿದಳು. ನೂರಕ್ಕೆ ಕರೆಯುತ್ತಾರೆ. ಇನ್ನೂರಕ್ಕೆ ಕರೆಯುತ್ತಾರೆ. ಇನ್ನೂರ ಅರವತ್ತಕ್ಕೋ ಏನೋ ಬಂದಿದ್ದಾಗ ಎದುರಿನಿಂದ ಟಪ್ ಎಂದು ಒಂದು ಸದ್ದು, ಹಿಂದೆಯೇ ಕೋಲನ ಬೈಗುಳ ಕೇಳಿಸಿತು.

ಎರಡು ನಿಮಿಷಕ್ಕೆ ವಿತೋರೆ ಅವಳ ಬಾಗಿಲಲ್ಲಿದ್ದಳು. "ದ್ರಾನಕ್ಕ, ಟಿ.ವಿ. ಸುಟ್ಟುಹೋಯ್ತು. ಹೊಗೆ ಬರ್ತಿದೆ. ಬೇಗ ಬಾ."

ಇದನ್ನು ಬರೆಯಲು ನನಗೇ ನಾಚಿಕೆ, ಆದರೆ ಮುಚ್ಚಿಡುವುದಿಲ್ಲ. ದ್ರಾನೆಗೆ ಮೊದಲು ಬಂದದ್ದು ಸಂತೋಷ. ಕರೆದರು. ಆಮೇಲೆ ನಾಬು ನೆನಪಾಯಿತು.

ಮನೆಯೊಳಗೆ ಸುಟ್ಟ ರಬ್ಬರಿನ ವಾಸನೆ. ಕೋಲ ವೈರು ಕಿತ್ತಿದ್ದ. ಟಿ.ವಿ.ಯ ಮೇಲಿಂದ ಸರಿಸಿದ ಕಪ್ಪು ಬಟ್ಟೆ ಮುದ್ದೆಯಾಗಿ ಡಬ್ಬದ ಮೇಲೆಯೇ ಬಿದ್ದಿತ್ತು, ಹಾಗಾಗಿ ನಾಬನ್ನು ಯಾರೂ ನೋಡಿರಲಿಲ್ಲ.

"ಹೊಸ ಲೈನಂತೆ ಹೊಸ ಲೈನು!" ಕೋಲ ಕೂಗಾಡುತ್ತಿದ್ದ. "ನಾಳೆ ಬೆಳಿಗ್ಗೆ ಆ ಆಫೀಸಿಗೆ ಹೋಗಿ ಒಬ್ಬೊಬ್ಬನ ಮೇಜೂ ಮಗುಚಿ ಹಾಕ್ತೀನಿ. ಅಮ್ಮನ ವರ್ಷದ ದಿನಾನೇ ಸುಟ್ರಲ್ಲ, ಅವರ ವಂಶ ನಿರ್ವಂಶ ಆಗ! ನೋಡು ದ್ರಾನಕ್ಕ, ನೀನೇ ಅಳೆದು ಹೇಳು, ಎಷ್ಟು ಬಿಟ್ಟಿದಾರೆ ಅಂತ."

ದ್ರಾನೆ ಡಬ್ಬದ ಹತ್ತಿರ ಮಂಡಿಯೂರಿ ಬಟ್ಟೆಯ ಕೆಳಗೆ ಕೈ ಹಾಕಿದಳು. ನೋಡದೆಯೇ ಬೆರಳಿಗೆ ತಿಳಿಯಿತು. ಒಂಬತ್ತು. ಎಂಟು ಸಲ ತಿರುಗಿಸಿದರೆ ಒಂದು. ಆಮೇಲೆ ಬಟ್ಟೆ ತೆಗೆದು, ಹೌದು ಕೋಲ, ಲೈನಿನದೇ ತಪ್ಪು ಎಂದರೆ ಮುಗಿಯಿತು. ಹೊಸ ಟಿ.ವಿ. ಬರುತ್ತದೆ. ಇನ್ನೊಮ್ಮೆ ಹೀಗಾಗದಿರಲಿ, ನೀನು ಬಂದು ಪಕ್ಕದಲ್ಲಿರು ಎಂದು ಅವರೇ ಹೇಳುತ್ತಾರೆ. ಅವಳ ಬೆರಳು ಕಟ್ ಎಂದು ಎಂಟಕ್ಕೆ ತಂದಿತು. ಕಟ್, ಏಳು. ಕೋಲನ ಕೂಗಾಟದಲ್ಲಿ ಯಾರಿಗೂ ಕೇಳಿಸಲಿಲ್ಲ. ಅಲ್ಲಿ ಬೆರಳು ನಿಂತಿತು. ಸುಳ್ಳು ಹೇಳಿ ಈ ಮನೆಯಲ್ಲಿ ಇನ್ನು ಮುಂದೆ ಕೂರುವ ಪ್ರತಿ ಸಂಜೆಯೂ ಈ ಬಟ್ಟೆಯ ಕೆಳಗೆ ಕೂತ ಹಾಗೆಯೇ ಎಂದು ಅವಳಿಗೆ ಅನ್ನಿಸಿತು.

"ಅವರನ್ನ ಬೈಬೇಡ ಕೋಲ," ಎಂದಳು. "ಲೈನು ಸರಿಯಾಗಿದೆ. ನಾಬು ಒಂಬತ್ತರಲ್ಲಿತ್ತು. ಅಜ್ಜಿ ಹೋದ ದಿನ ನಾನೇ ಬಿಟ್ಟಿದ್ದು."

"ಹೋಗ್ಲಿ ಬಿಡು," ಎಂದ ಕೋಲ. "ಅವತ್ತು ಯಾರಿಗೆ ಜ್ಞಾನ ಇತ್ತು? ನಿಂಗೂ ಮರ್ತಿತ್ತು."

"ಮರ್ತಿದ್ದೆ. ಆದ್ರೆ ಸೆಪ್ಟೆಂಬರಲ್ಲೇ ನೆನಪಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

ದ್ರಾನೆ ನೆಲ ನೋಡಿದಳು. "ಕರೀತೀರಿ ಅಂತ ಕಾಯ್ತಾ ಇದ್ದೆ."

ಕೋಲನಿಗೆ ಇದು ತಲೆಬುಡ ಅರ್ಥವಾಗಲಿಲ್ಲ. ಸಿಗರೇಟು ಹುಡುಕಿಕೊಂಡು ಅಂಗಳಕ್ಕೆ ಹೋದ. ವಿತೋರೆಗೆ ಅರ್ಥವಾಯಿತು. ಅವಳ ಮುಖ ಕೆಂಪಾಯಿತು.

"ಕರೀಬೇಕಿತ್ತಾ?" ಎಂದಳು. "ಆರು ವರ್ಷ ಯಾರು ಕರೆದಿದ್ರು ನಿನ್ನ? ಒಂದಿನ ಆದ್ರೂ ಕರೆದಿದ್ವಾ? ನೀನಾಗೇ ಬರ್ತಿದ್ದೆ, ಕೂರ್ತಿದ್ದೆ, ಮನೆಯವಳ ಹಾಗೆ. ಟಿ.ವಿ. ಮುಚ್ಚಿದ್ದೇ ಮುಚ್ಚಿದ್ದು, ಈ ಹೊಸ್ತಿಲು ತುಳೀಲಿಲ್ಲ. ನಾನೇನಂದ್ಕೊಂಡೆ ಗೊತ್ತಾ? ಓಹೋ, ಇವಳಿಗೆ ಬೇಕಾಗಿದ್ದು ಟಿ.ವಿ., ನಾವಲ್ಲ ಅಂತ. ಅತ್ತೆ ಬೈತಿದ್ರೂ ಮನೇಲಿ ಒಂದು ದನಿ ಇತ್ತು. ಅವರು ಹೋದ್ರು. ಕೋಲ ಬಂದ್ರೆ ಮಲಗೋಕೆ ಬರ್ತಾನೆ. ಒಂದು ವರ್ಷ, ದ್ರಾನಕ್ಕ, ಒಂದು ವರ್ಷ ಈ ಕಪ್ಪು ಬಟ್ಟೆ ನೋಡ್ಕೊಂಡು ಒಬ್ಳೇ ಕೂತಿದೀನಿ. ನಿನ್ನ ಕಿಟಕೀಲಿ ದೀಪ ಕಾಣ್ತಿತ್ತು. ನೀನು ಎಂಟಕ್ಕೇ ಆರಿಸ್ಬಿಡ್ತಿದ್ದೆ."

ನಾಬು ಕರೆಯುತ್ತಿತ್ತು, ಅದಕ್ಕೇ ಬರುತ್ತಿದ್ದೆ ಎಂದು ಹೇಳಬಹುದಿತ್ತು. ಅದನ್ನು ಹೇಳಲು ದ್ರಾನೆಗೆ ನಾಚಿಕೆಯಾಯಿತು. ಹದಿನೈದು ಹೆಜ್ಜೆಯ ಓಣಿಯ ಎರಡು ಕಡೆ ಇಬ್ಬರೂ ಒಂದೇ ಹೊತ್ತಿನಲ್ಲಿ ಒಬ್ಬೊಬ್ಬರೇ ಕೂತಿದ್ದರು ಎಂಬ ಮಾತು ಅವಳೊಳಗೆ ನಿಧಾನವಾಗಿ ಇಳಿಯಿತು. ಅವಳು ಅತ್ತಳು. ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಒಬ್ಬರ ಎದುರು ಅತ್ತಳು.

ವಿತೋರೆ ಸಮಾಧಾನ ಮಾಡಲಿಲ್ಲ. ಬಾಗಿಲು ತೆರೆದು ಹಿಡಿದಳು. "ನಾಳೆ ಏಳಕ್ಕೆ ಬಾ," ಎಂದಳು, ಸಿಟ್ಟಿನಲ್ಲೇ. "ಟಿ.ವಿ. ಇಲ್ಲ, ನಾಬಿಲ್ಲ, ಏನೂ ಇಲ್ಲ. ಬರ್ತೀಯೋ ಇಲ್ವೋ, ಅದನ್ನೂ ನೋಡೇಬಿಡ್ತೀನಿ."

ಮರುದಿನ ಏಳಕ್ಕೆ ಐದು ನಿಮಿಷ ಇರುವಾಗ ದ್ರಾನೆ ಓಣಿ ದಾಟಿದಳು. ಕೈಯಲ್ಲಿ ಏನೂ ಇರಲಿಲ್ಲ, ಆ ಕೈಗಳನ್ನು ಏನು ಮಾಡುವುದೆಂದು ತಿಳಿಯದೆ ಜೇಬಿಗೆ ಹಾಕಿಕೊಂಡಳು. ಬಾಗಿಲು ತೆರೆದೇ ಇತ್ತು. ವಿತೋರೆ ಕಾಫಿಗೆ ಇಟ್ಟಳು. ಕೋಲ ಬಂದಿರಲಿಲ್ಲ.

ಇಬ್ಬರೂ ಎದುರುಬದುರು ಕೂತರು. ಆರು ವರ್ಷ ಒಂದೇ ಕೋಣೆಯಲ್ಲಿದ್ದವರು, ಮಾತು ಎಲ್ಲಿಂದ ಶುರು ಮಾಡುವುದೆಂದು ಇಬ್ಬರಿಗೂ ಗೊತ್ತಿರಲಿಲ್ಲ.

"ಮಳೆ ಬರೋ ಹಾಗಿದೆ," ಎಂದಳು ವಿತೋರೆ.

"ಹೂಂ."

"ನಿಂಗೆ ಸಕ್ಕರೆ ಎಷ್ಟು? ಇಷ್ಟು ವರ್ಷ ಕೇಳೇ ಇಲ್ಲ ನೋಡು."

"ಎರಡು ಚಮಚ."

"ನಾನು ಒಂದೇ ಹಾಕ್ತಿದ್ದೆ."

"ಗೊತ್ತು."

ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು. ಕಾಫಿ ಮುಗಿಯಿತು. ದ್ರಾನೆಯ ತುಟಿ ತಾನಾಗಿ ಅಲುಗಾಡತೊಡಗಿತು. ವಿತೋರೆ ಅದನ್ನು ನೋಡಿದಳು, ಮೊದಲ ಸಲ ಅವಳ ಎಣಿಕೆಯ ಮಧ್ಯೆ ಬಾಯಿ ಹಾಕಿದಳು.

"ಇನ್ನೇನು, ದ್ರಾನಕ್ಕ?"

"ಇನ್ನೇನಿಲ್ಲ," ಎಂದಳು ದ್ರಾನೆ.

ಇಬ್ಬರೂ ಏಳಲಿಲ್ಲ.